ಎಲ್ಲಿ ಸಿಕ್ಕಿದ್ದು?

ಕಾಸುಗಳಿಗೆ ಮೆತ್ತಿದ ಮಣ್ಣು ಇನ್ನೂ ಹಸಿಯಾಗಿತ್ತು. ಅದನ್ನು ನೋಡಿಯೇ ನಾನು ನಿಂತುಬಿಟ್ಟೆ.

ಬೆಂಗಳೂರು ಚಿಕ್ಕಪೇಟೆಯ ಸಂಡೇ ಬಜಾರಿಗೆ ಹೋಗುವುದು ನನಗೆ ಎಂಟು ವರ್ಷದ ರೂಢಿ. ಬೆಳಗ್ಗೆ ಏಳಕ್ಕೆಲ್ಲ ಅಲ್ಲಿರಬೇಕು. ಬಿಸಿಲೇರಿದ ಮೇಲೆ ಆ ಜನಜಂಗುಳಿಯಲ್ಲಿ ಬಗ್ಗಿ ನೋಡುವುದಕ್ಕೂ ಆಗುವುದಿಲ್ಲ. ಹಳೇ ಬೀಗ, ಹಿತ್ತಾಳೆ ದೀಪ, ನಿಂತುಹೋದ ಗಡಿಯಾರ, ಮೊಬೈಲ್ ಚಾರ್ಜರ್, ಎಲ್ಲ ಒಂದೇ ಟಾರ್ಪಾಲಿನ ಮೇಲೆ. ನಾಣ್ಯಗಳಲ್ಲಿ ನಕಲಿಯೇ ಜಾಸ್ತಿ. ಈಸ್ಟ್ ಇಂಡಿಯಾ ಕಂಪನಿ, 1818 ಅಂತ ಬರೆದು ರಾಮ ಪಟ್ಟಾಭಿಷೇಕದ ಚಿತ್ರ ಹಾಕಿದ ಬಿಲ್ಲೆಗಳು ಇವೆಯಲ್ಲ, ಅವನ್ನು ಕಂಪನಿ ಅಚ್ಚು ಹಾಕಿಸಿಯೇ ಇಲ್ಲ. ಅಕ್ಕಿ ಕಾಳನ್ನು ತನ್ನತ್ತ ಎಳೆಯುವ ಶಕ್ತಿ ಇದಕ್ಕಿದೆ ಅಂತ ನಂಬಿಸಿ ಇಂಥವನ್ನು ಲಕ್ಷಗಟ್ಟಲೆಗೆ ಮಾರುವವರಿದ್ದಾರೆ. ದಯವಿಟ್ಟು ಮೋಸ ಹೋಗಬೇಡಿ.

ಅವತ್ತು ಗೋಡೆ ಪಕ್ಕ ಕೂತಿದ್ದ ಒಬ್ಬರು ಪ್ಲಾಸ್ಟಿಕ್ ಕವರ್ ಬಿಚ್ಚಿ ಪೇಪರಿನ ಮೇಲೆ ಸುರಿದರು. ಕೆಮ್ಮಣ್ಣು ಮೆತ್ತಿದ ತಾಮ್ರದ ಕಾಸುಗಳು. ಅಂಗಿ ಗುಂಡಿಯಷ್ಟು ಅಗಲ, ದಪ್ಪ ಮಾತ್ರ ಅದಕ್ಕಿಂತ ಜಾಸ್ತಿ. ಮೂರು ಕಾಸು ಒಂದಕ್ಕೊಂದು ಅಂಟಿ ಹಸಿರು ಕಿಲುಬು ಕಟ್ಟಿಕೊಂಡಿದ್ದವು.

"ಎಲ್ಲೀದು ಯಜಮಾನ್ರೇ?"

"ಹೊಲ ಉಳುವಾಗ ಸಿಕ್ಕಿದ್ದಂತೆ ಸಾರ್."

"ಯಾವೂರ ಹೊಲ?"

"ಅದೆಲ್ಲ ಯಾಕೆ ಸಾರ್ ನಿಮಗೆ? ಬೇಕಾದ್ರೆ ತಗೊಳ್ಳಿ."

ತಗೊಂಡೆ. ಹನ್ನೊಂದು ಕಾಸು. ಮತ್ತೆ ಕೇಳಲಿಲ್ಲ.

ಮನೆಗೆ ಬಂದವನೇ ಅಡುಗೆಮನೆಯಿಂದ ಹುಣಸೆಹಣ್ಣು, ಉಪ್ಪು ತಂದು ಕೂತೆ. ಹಿತ್ತಾಳೆ ಪಾತ್ರೆ ಬೆಳಗಿದ ಹಾಗೆ ಒಂದೊಂದನ್ನೇ ಉಜ್ಜಿದೆ. ಮಣ್ಣು ಹೋಯಿತು, ಕಿಲುಬು ಹೋಯಿತು. ಕೆಳಗಿಂದ ಒಂದು ಪುಟ್ಟ ಆನೆ ಎದ್ದು ಬಂತು, ಸೊಂಡಿಲು, ಬಾಲ ಎಲ್ಲ ಕಾಣುವ ಹಾಗೆ. ನನಗೆ ಎಷ್ಟು ಖುಷಿಯಾಯಿತೆಂದರೆ ಹೆಂಡತಿಯನ್ನು ಕೂಗಿ ತೋರಿಸಿದೆ. ಹಿಂಬದಿಯಲ್ಲಿ ನಾಗರಿ ಅಕ್ಷರ ಇದ್ದವು. ಅವೂ ಹೊಳೆಯಲಿ ಅಂತ ಇನ್ನಷ್ಟು ಉಜ್ಜಿದೆ. ಐದು ಕಾಸುಗಳಲ್ಲಿ ಅಕ್ಷರ ಸವೆದೇ ಹೋದವು.

ಸಂಜೆ ಅವನ್ನು ಮಲ್ಲೇಶ್ವರದ ಮೇಷ್ಟ್ರ ಹತ್ತಿರ ತಗೊಂಡು ಹೋದೆ. ಅವರು ರಿಟೈರಾದ ಮೇಷ್ಟ್ರು, ಐವತ್ತು ವರ್ಷದಿಂದ ನಾಣ್ಯ ಕೂಡಿಸಿದವರು. ಭೂತಗನ್ನಡಿ ಹಿಡಿದು ಒಂದನ್ನು ಬಹಳ ಹೊತ್ತು ನೋಡಿದರು. "ವಿಜಯನಗರದ್ದು. ದೇವರಾಯನ ಕಾಲದ್ದಿರಬಹುದು," ಅಂದರು. ನನ್ನ ಎದೆ ಉಬ್ಬಿತು. ಆಮೇಲೆ ಮೆಲ್ಲಗೆ ಕೇಳಿದರು: "ಯಾಕಪ್ಪಾ ತೊಳೆದೆ?"

ಕಿಲುಬು ಅಂದರೆ ಕೊಳೆ ಅಲ್ಲ. ತಾಮ್ರ ನೂರಾರು ವರ್ಷ ಮಣ್ಣಿನಲ್ಲಿದ್ದು ತನ್ನ ಮೇಲೆ ತಾನೇ ಕಟ್ಟಿಕೊಂಡ ಪದರ. ಅದರಲ್ಲಿ ಅಸಲಿ ಯಾವುದು ನಕಲಿ ಯಾವುದು ಅನ್ನುವ ಸುಳಿವೂ ಇರುತ್ತದೆ. ಹುಳಿ ಬಿದ್ದರೆ ಆ ಪದರದ ಜೊತೆ ಮೇಲಿನ ತಾಮ್ರವೂ ಕರಗುತ್ತದೆ. ಮಣ್ಣು ಬಿಡಿಸಲೇಬೇಕಿದ್ದರೆ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರಿನಲ್ಲಿ ದಿನಗಟ್ಟಲೆ ನೆನೆಹಾಕಿ ಕಾಯಬೇಕಂತೆ.

"ಅದು ಬಿಡು. ಎಲ್ಲಿ ಸಿಕ್ಕಿದ್ದು ಇವು?"

"ಗೊತ್ತಿಲ್ಲ ಮೇಷ್ಟ್ರೇ."

"ಒಟ್ಟು ಎಷ್ಟಿದ್ದವು? ಮಡಕೆಯಲ್ಲಿದ್ದವಾ? ಜೊತೆಗೆ ಬೇರೆ ಏನಾದರೂ ಇತ್ತಾ?"

ಸುಮ್ನೆ ಕೂತೆ.

ಮೇಷ್ಟ್ರು ಯಶವಂತಪುರದ ಕಥೆ ಹೇಳಿದರು. 1891ರಲ್ಲಿ ಅಲ್ಲಿ ರೈಲ್ವೆ ಕೆಲಸಕ್ಕೆ ಅಗೆಯುವಾಗ ರೋಮ್ ಸಾಮ್ರಾಜ್ಯದ ಬೆಳ್ಳಿ ನಾಣ್ಯಗಳು ಸಿಕ್ಕಿದವು. 1965ರಲ್ಲಿ ಎಚ್‌ಎಎಲ್ ವಿಮಾನ ನಿಲ್ದಾಣದ ಹತ್ತಿರ ಮತ್ತೊಂದಿಷ್ಟು. ಆಗಸ್ಟಸ್, ಟೈಬೀರಿಯಸ್ ಕಾಲದವು. ಎರಡು ಸಾವಿರ ವರ್ಷದ ಹಿಂದಿನ ರೋಮಿನ ದುಡ್ಡು ನಾವು ದಿನಾ ಬಸ್ಸು ಹಿಡಿಯುವ ಜಾಗದಲ್ಲಿ! ಈ ಊರಿನ ಕಡೆಗೆ ಆಗಲೇ ದೂರದ ವ್ಯಾಪಾರದ ದಾರಿ ಇತ್ತು ಅಂತ ಹೇಳುವುದಕ್ಕೆ ಅವು ಸಾಕ್ಷಿ. "ಅವನ್ನೇ ಯಾರೋ ಚೀಲಕ್ಕೆ ಹಾಕಿ ಪೇಟೆಯಲ್ಲಿ ಮಾರಿದ್ದರೆ ಏನಾಗ್ತಿತ್ತು ಹೇಳು? ರೋಮನ್ ನಾಣ್ಯ ಜಗತ್ತಲ್ಲಿ ಬೇಕಾದಷ್ಟಿದೆ. ಯಶವಂತಪುರದ ನಾಣ್ಯ ಅನ್ನೋದು ಇರ್ತಿರಲಿಲ್ಲ."

ನೆಲದಲ್ಲಿ ಸಿಕ್ಕ ನಿಧಿಯನ್ನು ಸರ್ಕಾರಕ್ಕೆ ತಿಳಿಸಬೇಕು ಅನ್ನುವ ಕಾನೂನು 1878ರಿಂದಲೇ ಇದೆ. ಕರ್ನಾಟಕಕ್ಕೆ 1962ರದ್ದು ಬೇರೆ ಕಾಯ್ದೆ ಇದೆ. 1972ರ ಕಾಯ್ದೆ ಪ್ರಕಾರ ನೂರು ವರ್ಷ ದಾಟಿದ ಪುರಾತನ ವಸ್ತುಗಳ ವ್ಯಾಪಾರಕ್ಕೆ ಲೈಸೆನ್ಸ್ ಬೇಕು, ನಮ್ಮಂಥವರು ಅವನ್ನು ದೇಶದಾಚೆಗೆ ಕಳಿಸುವ ಹಾಗಿಲ್ಲ. ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದೂ ಆ ಹಸಿ ಮಣ್ಣು ನೋಡಿ ಕೈ ತಡೆಯಲಿಲ್ಲ. ಇದು ನನ್ನದೇ ತಪ್ಪು. ಕೊಳ್ಳುವವರು ಇದ್ದಾರೆ ಅಂತಲೇ ಅಗೆಯುವವರು ಅಗೆಯುತ್ತಾರೆ, ಅಲ್ವಾ?

ಹೊರಡುವಾಗ ಮೇಷ್ಟ್ರು ತಮ್ಮ ಪೆಟ್ಟಿಗೆಯಿಂದ ಒಂದು ಕಾಗದದ ಲಕೋಟೆ ತೆಗೆದು ಕೈಗಿಟ್ಟರು. ಒಳಗೆ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ತಾಮ್ರದ ಕಾಸು. ಸಿಂಹ, 'ಶ್ರೀ ಚಾಮುಂಡಿ', ಹಿಂದೆ ಕನ್ನಡದಲ್ಲಿ 'ಮಯಿಲಿ ಕಾಸು'. ಪೇಟೆಯಲ್ಲಿ ಅದಕ್ಕೆ ದೊಡ್ಡ ಬೆಲೆಯೇನೂ ಇಲ್ಲ. ಲಕೋಟೆಯ ಮೇಲೆ ಇಂಕ್ ಪೆನ್ನಿನಲ್ಲಿ ಬರೆದಿತ್ತು: 'ಅಜ್ಜಿಯ ಸಾಸಿವೆ ಡಬ್ಬಿಯಲ್ಲಿದ್ದದ್ದು. ತುರುವೇಕೆರೆ ಮನೆ. ಅವರ ಅತ್ತೆ ಕೊಟ್ಟಿದ್ದಂತೆ.' ನಾನು ಕಾಸಿಗಿಂತ ಆ ಲಕೋಟೆಯನ್ನೇ ಜಾಸ್ತಿ ಹೊತ್ತು ನೋಡಿದೆ.

ಮುಂದಿನ ಭಾನುವಾರ ಆರೂವರೆಗೇ ಬಜಾರಿನಲ್ಲಿದ್ದೆ. ಗೋಡೆ ಪಕ್ಕ ಬೇರೆ ಯಾರೋ ಶೂ ಹರಡಿಕೊಂಡು ಕೂತಿದ್ದರು. ಅದರ ಮುಂದಿನ ವಾರವೂ ಹೋದೆ. ಅವರ ಊರು ಯಾವುದು ಅಂತ ಅಕ್ಕಪಕ್ಕದವರಿಗೂ ಗೊತ್ತಿಲ್ಲ.

ಈಗ ಮಣ್ಣು ಮೆತ್ತಿದ್ದನ್ನು ನಾನು ಮುಟ್ಟುವುದಿಲ್ಲ. ಆ ಹನ್ನೊಂದು ಕಾಸಿಗೂ ಒಂದೊಂದು ಲಕೋಟೆ ಮಾಡಿದ್ದೇನೆ. 'ಚಿಕ್ಕಪೇಟೆಯಲ್ಲಿ ಕೊಂಡದ್ದು. ಹುಣಸೆಹಣ್ಣಿನಲ್ಲಿ ತೊಳೆದಿದ್ದೇನೆ' ಅಂತ ಬರೆದಿದ್ದೇನೆ. ಅದರ ಕೆಳಗೆ 'ಊರು' ಅಂತ ಬರೆದು ಮುಂದೆ ಜಾಗ ಬಿಟ್ಟಿದ್ದೇನೆ.