ಚುಕ್ಕಿಗಳಲ್ಲಿ ವಯಸ್ಸು ಹುಡುಕಿಸಿದ ಮೇಡಂ

ಬಿಎಸ್‌ಸಿ ಕೊನೆಯ ವರ್ಷ ನಮ್ಮ ಫಿಸಿಕ್ಸ್ ಮೇಡಂ ಎಂ67 ಎಂಬ ನಕ್ಷತ್ರಗುಚ್ಛದ ಪಟ್ಟಿ ಕೊಟ್ಟು ಗ್ರಾಫ್ ಹಾಕಿಸಿದರು. ಅಡ್ಡಕ್ಕೆ ಬಣ್ಣ (ನೀಲಿ ಎಡಕ್ಕೆ, ಕೆಂಪು ಬಲಕ್ಕೆ), ಉದ್ದಕ್ಕೆ ಹೊಳಪು. ಹೊಳಪಿನ ಅಂಕಿ ಕಡಿಮೆಯಾದಷ್ಟೂ ನಕ್ಷತ್ರ ಜಾಸ್ತಿ ಬೆಳಗುತ್ತದೆ, ಹಾಗಾಗಿ ಸಣ್ಣ ಅಂಕಿ ಮೇಲೆ, ದೊಡ್ಡದು ಕೆಳಗೆ. ಚುಕ್ಕಿಗಳು ಓರೆಯಾಗಿ ಸಾಲುಗಟ್ಟಿ ಮೇಲೇರಿ, ಒಂದು ಕಡೆ ಥಟ್ಟನೆ ಬಲಕ್ಕೆ ತಿರುಗಿದವು. ಮೇಡಂ ಆ ತಿರುವಿನ ಮೇಲೆ ಪೆನ್ಸಿಲ್ ಇಟ್ಟು, "ನೋಡಮ್ಮ, ಇದರ ವಯಸ್ಸು ಇಲ್ಲೇ ಇದೆ" ಅಂದರು.

ಸೂರ್ಯನಂಥ ನಕ್ಷತ್ರ ತನ್ನೊಡಲಿನ ಹೈಡ್ರೋಜನ್ನನ್ನು ಸುಮಾರು 1,000 ಕೋಟಿ ವರ್ಷ ಉರಿಸುತ್ತದೆ. ಅದರ 10 ಪಟ್ಟು ತೂಕದ ನೀಲಿ ನಕ್ಷತ್ರ ಎರಡು ಮೂರು ಕೋಟಿ ವರ್ಷಕ್ಕೇ ಮುಗಿದುಹೋಗುತ್ತದೆ. ಹೈಡ್ರೋಜನ್ ಮುಗಿಸಿದ ನಕ್ಷತ್ರ ಸಾಲು ಬಿಟ್ಟು ಬಲಕ್ಕೆ ಸರಿಯುತ್ತದೆ. ಹಾಗಾಗಿ ಸಾಲಿನ ಮೇಲ್ತುದಿಯಲ್ಲಿ ಯಾರು ಉಳಿದಿದ್ದಾರೆ ಅಂತ ನೋಡಿದರೆ ಗುಚ್ಛ ಹುಟ್ಟಿ ಎಷ್ಟು ಕಾಲವಾಯಿತು ಎಂದು ತಿಳಿಯುತ್ತದೆ. ಎಂ67ಕ್ಕೆ ಸುಮಾರು 400 ಕೋಟಿ ವರ್ಷ.

ಗುಚ್ಛದ ನಕ್ಷತ್ರಗಳೆಲ್ಲ ಒಟ್ಟಿಗೆ ಹುಟ್ಟಿದವು. ಗ್ಯಾಲಕ್ಸಿ ಹಾಗಲ್ಲ. ಅದು ಮದುವೆಮನೆಯ ಗ್ರೂಪ್ ಫೋಟೋ ಇದ್ದ ಹಾಗೆ: ಅಜ್ಜಿ, ಮೊಮ್ಮಗು ಎಲ್ಲ ಒಂದೇ ಚೌಕಟ್ಟಿನಲ್ಲಿ. ಯಾವ ಕಾಲದಲ್ಲಿ ಎಷ್ಟು ನಕ್ಷತ್ರ ಹುಟ್ಟಿದವು ಅಂತ ಹೇಳಬೇಕಾದರೆ, ಬೇರೆಬೇರೆ ವಯಸ್ಸಿನ ನಕ್ಷತ್ರಗಳನ್ನು ಕಂಪ್ಯೂಟರಿನಲ್ಲೇ ಹುಟ್ಟಿಸಿ, ಬೆರೆಸಿ, ನಿಜವಾದ ಚಿತ್ರಕ್ಕೆ ಹೊಂದುವ ಬೆರಕೆ ಸಿಗುವವರೆಗೂ ಹುಡುಕುತ್ತಾರೆ. ತೊಡಕೂ ಇದೆ. ಕಬ್ಬಿಣದಂಥ ಭಾರದ ಧಾತುಗಳು ಜಾಸ್ತಿ ಇದ್ದರೆ ನಕ್ಷತ್ರ ಕೆಂಪಗೆ ಕಾಣುತ್ತದೆ, ವಯಸ್ಸಾದರೂ ಕೆಂಪೇ. ಬರೀ ಬಣ್ಣ ನಂಬಿದರೆ ಮೋಸ ಹೋಗುತ್ತೇವೆ ಅಲ್ವಾ? ಅದಕ್ಕೇ ಮೇಡಂ, "ಆ ತಿರುವು ಕಾಣುವಷ್ಟು ಮಂಕು ನಕ್ಷತ್ರದವರೆಗೂ ಅಳೆಯಬೇಕು" ಎಂದು ಪಟ್ಟು ಹಿಡಿಯುತ್ತಿದ್ದರು.

ಅವರು ತುಂಬ ಇಷ್ಟಪಟ್ಟು ಹೇಳುತ್ತಿದ್ದದ್ದು ದೊಡ್ಡ ಮೆಗಲನ್ ಮೋಡದ ಕಥೆ. ನಮ್ಮಿಂದ ಸುಮಾರು 1.6 ಲಕ್ಷ ಜ್ಯೋತಿರ್ವರ್ಷ ದೂರದ ಆ ಪುಟ್ಟ ಗ್ಯಾಲಕ್ಸಿಯಲ್ಲಿ ತೀರಾ ಹಳೆಯ ಗುಚ್ಛಗಳಿವೆ, ಎಳೆಯವೂ ಇವೆ. ನಡುವಿನ ನೂರಾರು ಕೋಟಿ ವರ್ಷಗಳಲ್ಲಿ ಹುಟ್ಟಿದವು ಇಲ್ಲವೆನ್ನುವಷ್ಟು ಕಡಿಮೆ. ಆಗ ಅಲ್ಲಿ ಏನಾಯಿತು? ಈ ಪ್ರಶ್ನೆ ನನ್ನನ್ನು ಇವತ್ತಿಗೂ ಬಿಟ್ಟಿಲ್ಲ.

ಬೆಂಗಳೂರಿನ ಬೆಳಕಿನಲ್ಲಿ ನಕ್ಷತ್ರ ಎಲ್ಲಿ ಕಾಣುತ್ತೆ ಎಂದು ಕೇಳುವ ತಮ್ಮ ತಂಗಿಯರೇ, 2015ರಲ್ಲಿ ಹಾರಿದ ನಮ್ಮ ದೇಶದ ಖಗೋಳ ಉಪಗ್ರಹ ಆಸ್ಟ್ರೋಸ್ಯಾಟ್‌ನ ನೇರಳಾತೀತ ದೂರದರ್ಶಕ ರೂಪುಗೊಂಡಿದ್ದರಲ್ಲಿ ಕೋರಮಂಗಲದ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆಸ್ಟ್ರೋಫಿಸಿಕ್ಸ್‌ನ ಪಾಲು ದೊಡ್ಡದು. ಎಳೆಯ, ಬಿಸಿ ನಕ್ಷತ್ರಗಳನ್ನು ಹುಡುಕಲು ಅದು ಹೇಳಿಮಾಡಿಸಿದ ಸಾಧನ. ಯುರೋಪಿನ ಬಾಹ್ಯಾಕಾಶ ದೂರದರ್ಶಕ ಗಾಯಾ ಅಳೆದ ನಕ್ಷತ್ರಗಳ ಪಟ್ಟಿಯಂತೂ ಯಾರಿಗೆ ಬೇಕಾದರೂ ಉಚಿತ. ಮೊದಲು ಕೃತ್ತಿಕೆಯ ಗ್ರಾಫ್ ಹಾಕಿ, ಪಕ್ಕದಲ್ಲೇ ಎಂ67 ಇಡಿ. ಕೃತ್ತಿಕೆಗೆ ಸುಮಾರು 10 ಕೋಟಿ ವರ್ಷವಷ್ಟೇ. ತಿರುವು ಎಷ್ಟು ಮೇಲಿದೆ ಅಂತ ನೀವೇ ನೋಡಿ.