ಗುಳಿಗಿ ನುಂಗಿದ್ರ ಅಷ್ಟ ಡೇಟ್ ಆಗ್ತೈತಿ, ಹಂಗಾದ್ರ ಯಾಕ ನುಂಗ್ಬೇಕು?

ಗಂಗಾವತಿಯಾಗ ನಾನು ಫಾರ್ಮಸಿಸ್ಟ್ ಆಗಿ ಕೆಲಸ ಮಾಡೋ ಮೆಡಿಕಲ್ ಶಾಪಿಗೆ ಬರೋ ಹುಡುಗ್ಯಾರು, ಅವ್ರ ಅವ್ವಂದಿರು, ವಾಟ್ಸಾಪ್‌ನಾಗ ಪರಿಚಯ ಇರೋರು, ಎಲ್ಲಾರೂ ಸುತ್ತಿ ಬಳಸಿ ಕೇಳೋದು ಇದನ್ನ: "ಅಕ್ಕಾ, ಪಿಸಿಓಡಿ ಐತಿ ಅಂದಾರ, ಗುಳಿಗಿ ತಗೊಂಡಾಗ ಡೇಟ್ ಆಗ್ತೈತಿ, ಬಿಟ್ರ ಮತ್ತ ನಿಂತ ಬಿಡ್ತೈತಿ, ಹಂಗಾದ್ರ ತಗೊಂಡು ಏನ್ ಉಪಯೋಗ?" ನನಗೂ ಪಿಸಿಓಎಸ್ (ಪಿಸಿಓಡಿ ಅನ್ನೋದೂ ಇದನ್ನ, ಹಾರ್ಮೋನ್ ಏರುಪೇರಾಗಿ ಮುಟ್ಟು ತಪ್ಪೋ ತೊಂದ್ರಿ) ಐತಿ, ಅದಕ್ಕ ಹಿಂಗ ಕೇಳೋರ ಒಳಗ ಎಷ್ಟು ಬ್ಯಾಸರ ಇರ್ತೈತಿ ಅಂತ ಗೊತ್ತು.

ಆ ಗುಳಿಗಿ ಪಿಸಿಓಎಸ್ ವಾಸಿ ಮಾಡಾಕಲ್ರಿ, ಗರ್ಭಕೋಶ ಕಾಯಾಕ. ಅಂಡ ಬಿಡುಗಡೆ ಆದ್ಮ್ಯಾಲ ಪ್ರೊಜೆಸ್ಟರಾನ್ ಹಾರ್ಮೋನ್ ಬರ್ತೈತಿ, ಅದು ಇಳಿದಾಗ ಗರ್ಭಕೋಶದ ಒಳಪದರ ಉದುರಿ ಮುಟ್ಟಾಗ್ತೈತಿ. ನಮ್ಮಂಥೋರಿಗೆ ಅಂಡ ಬಿಡುಗಡೆನ ನೆಟ್ಟಗ ಆಗಂಗಿಲ್ಲ, ಸ್ಕ್ಯಾನಿಂಗ್‌ನಾಗ ಕಾಣೋ ಸಣ್ಣ ಸಣ್ಣ ಗುಳ್ಳಿ ಅರ್ಧಕ್ಕ ಬೆಳದು ನಿಂತ ಅಂಡದ ಚೀಲಗಳು, ಕೊಯ್ದು ತೆಗಿಯೋ ಗಡ್ಡಿ ಅಲ್ಲ. ಪ್ರೊಜೆಸ್ಟರಾನ್ ಇಲ್ಲಂದ್ರ ಪದರ ಸುಣ್ಣದ ಮ್ಯಾಲ ಸುಣ್ಣ ಬಳದಂಗ ದಪ್ಪ ಆಗ್ತಾ ಹೋಗ್ತೈತಿ, ವರ್ಷಗಟ್ಟಲೆ ಹಂಗ ಬಿಟ್ರ ಗರ್ಭಕೋಶದ ಕ್ಯಾನ್ಸರ್ ಅಪಾಯ ಹೆಚ್ಚಾಗ್ತೈತಿ. ಗುಳಿಗಿ ಆ ಪ್ರೊಜೆಸ್ಟರಾನಿನ ಕೆಲಸ ಮಾಡಿ ಪದರ ಉದುರಿಸ್ತೈತಿ. ಅದಕ್ಕ 3 ತಿಂಗಳಾದ್ರೂ ಮುಟ್ಟಾಗ್ಲಿಲ್ಲಂದ್ರ, ಲಗ್ನ ಆದೋರು ಮೊದ್ಲ ಪ್ರೆಗ್ನೆನ್ಸಿ ಟೆಸ್ಟ್ ಮಾಡ್ಕೊಂಡು, ಡಾಕ್ಟರ್ ಹತ್ರ ಹೋಗ್ಬೇಕು.

ಈ ತೊಂದ್ರಿ ಬೇರು ಇರೋದು ಬಹಳಷ್ಟು ಮಂದಿಗೆ ಇನ್ಸುಲಿನ್‌ನಾಗ, ಅಂದ್ರ ರಕ್ತದಾಗಿನ ಸಕ್ರಿ ಹತೋಟಿಯಾಗಿಡೋ ಹಾರ್ಮೋನಿನಾಗ. ಅವ್ವಂದಿರು ಮಗಳ ಕುತ್ತಿಗಿ ಹಿಂದಿನ ಕಪ್ಪು ತೋರ್ಸಿ ಕ್ರೀಮ್ ಕೇಳ್ತಾರ, ಅದಕ್ಕೂ ಮೊದ್ಲ ಲಿಂಬಿಹಣ್ಣು, ಕಡ್ಲಿಹಿಟ್ಟು ಹಚ್ಚಿ ತಿಕ್ಕಿ ತಿಕ್ಕಿ ಚರ್ಮ ಕೆಂಪ ಆಗಿರ್ತೈತಿ, ಪಾಪ ಆ ಹುಡುಗಿ ತಲಿ ತಗ್ಗಿಸಿ ನಿಂತಿರ್ತಾಳ. ಅದು ಹೊಲಸಲ್ರಿ! ದೇಹ ಇನ್ಸುಲಿನ್ ಮಾತು ಕೇಳ್ದಿದ್ದಾಗ ರಕ್ತದಾಗ ಅದು ಜಾಸ್ತಿ ಆಗ್ತೈತಿ, ಚರ್ಮ ಹಂಗ ದಪ್ಪಾಗಿ ಕಪ್ಪಾಗ್ತೈತಿ, ಅದ ಇನ್ಸುಲಿನ್ ಅಂಡಾಶಯಕ್ಕೂ ಗಂಡು ಹಾರ್ಮೋನ್ ಜಾಸ್ತಿ ಮಾಡು ಅಂತ ಒತ್ತಡ ಹಾಕ್ತೈತಿ, ಗದ್ದದ ಮ್ಯಾಲ ಕೂದ್ಲು, ಮೊಡವಿ, ನಿಂತ ಮುಟ್ಟು ಎಲ್ಲಾ ಅಲ್ಲಿಂದ. ಅಂಥೋರು ಕ್ರೀಮ್‌ಗಿಂತ ಮೊದ್ಲ ಶುಗರ್ ಟೆಸ್ಟ್ ಮಾಡಿಸ್ರಿ.

ಹಂಗಾಗಿ ಊಟ, ನಡಿಗಿ ಔಷಧದಷ್ಟ ಮುಖ್ಯ. ನಮ್ಮ ತುಂಗಭದ್ರಾ ಎಡದಂಡೆ ಕಾಲುವೆ ಸೀಮ್ಯಾಗ ಈಗ ಎರಡೂ ಹೊತ್ತು ಸೋನಾ ಮಸೂರಿ ಅನ್ನ, ಮುಂಜಾನಿ ಒಗ್ಗರಣಿ ಮಿರ್ಚಿ, ಸಕ್ರಿ ಚಾ. ಅನ್ನ ಪೂರ್ತಿ ಬಿಡ್ರಿ ಅಂತ ನಾನು ಹೇಳಂಗಿಲ್ಲ, ಒಂದು ಹೊತ್ತು ಜ್ವಾಳದ ರೊಟ್ಟಿ, ಪುಂಡಿಪಲ್ಯ, ಮಡಿಕಿಕಾಳು ಹೊಟ್ಟಿತುಂಬ ತಿಂದು ಅನ್ನ ಕಡಿಮಿ ಮಾಡ್ರಿ. ಬಿಸಿಲು ಏರೋಕು ಮುಂಚೆ ಅರ್ಧ ತಾಸು ಜೋರಾಗಿ ನಡಿರಿ. ತೂಕ ಜಾಸ್ತಿ ಇದ್ದೋರು ನೂರಕ್ಕ 5ರಿಂದ 10ರಷ್ಟು ಇಳಿಸಿದ್ರೂ ಎಷ್ಟೋ ಮಂದಿಗೆ ಮುಟ್ಟು ತಾನಾಗೇ ಸುಧಾರಿಸ್ತೈತಿ. ಸಣಕಲಿರೋ ಹುಡುಗ್ಯಾರಿಗೂ ಪಿಸಿಓಎಸ್ ಬರ್ತೈತಿ, ಅವ್ರಿಗೆ "ಸಣ್ಣ ಆಗು" ಅನ್ನೋದು ಸಲಹೆನ ಅಲ್ಲ.

ಬರೇ ಸ್ಕ್ಯಾನಿಂಗ್ ನೋಡಿ ಹೆದರಬ್ಯಾಡ್ರಿ. ಮುಟ್ಟಿನ ಏರುಪೇರು, ಗಂಡು ಹಾರ್ಮೋನಿನ ಲಕ್ಷಣ, ಸ್ಕ್ಯಾನ್‌ನಾಗ ಗುಳ್ಳಿ, ಪಿಸಿಓಎಸ್ ಅನ್ನಾಕ ಈ 3ರಾಗ 2 ಇರ್ಬೇಕು, ಥೈರಾಯ್ಡ್, ಪ್ರೊಲ್ಯಾಕ್ಟಿನ್ (ಎದಿಹಾಲು ಬರಿಸೋ ಹಾರ್ಮೋನ್) ತೊಂದ್ರಿ ಅಲ್ಲ ಅಂತಾನೂ ನೋಡ್ಬೇಕು. ದೊಡ್ಡಾಕಿ ಆಗಿ 8 ವರ್ಷ ಆಗಿರದ ಹುಡುಗಿಗೆ ಸ್ಕ್ಯಾನ್ ಮ್ಯಾಲ ತೀರ್ಮಾನ ಮಾಡಬಾರ್ದು ಅಂತ 2023ರ ಅಂತರರಾಷ್ಟ್ರೀಯ ಮಾರ್ಗಸೂಚಿನ ಹೇಳ್ತೈತಿ.

ಇನ್ನ "ಲಗ್ನ ಆದ್ರ ಸರಿ ಹೋಗ್ತೈತಿ" ಅನ್ನೋರಿಗೆ ನಾನು ನೇರ ಇಲ್ಲ ಅಂತೀನಿ. ಮಕ್ಳಾಗಲ್ಲ ಅನ್ನೋದೂ ಸುಳ್ಳು, ಬಹಳಷ್ಟು ಮಂದಿಗೆ ಆಗ್ತಾವು, ಅಂಡ ಬಿಡುಗಡೆ ಆಗದೋರಿಗೆ ಮೊದ್ಲ ಕೊಡೋ ಔಷಧ ಲೆಟ್ರೋಜೋಲ್. ಆದ್ರ ಅದನ್ನ, ಇನ್ಸುಲಿನ್ ಮಾತು ದೇಹ ಕೇಳೋ ಹಂಗ ಮಾಡೋ ಮೆಟ್‌ಫಾರ್ಮಿನ್‌ನ, ಹಾರ್ಮೋನ್ ಗುಳಿಗಿನ ಗೆಳತಿ ಚೀಟಿ ಫೋಟೋ ತೋರ್ಸಿ ಕೇಳಬ್ಯಾಡ್ರಿ, ರಕ್ತ ಹೆಪ್ಪುಗಟ್ಟಿದ ಇತಿಹಾಸ ಇದ್ದೋರಿಗೆ, ಕಣ್ಣಿಗೆ ಮಿಂಚು ಹೊಡದಂಗಾಗಿ ಅರ್ಧ ತಲಿನೋವು ಬರೋರಿಗೆ ಕೆಲವು ಹಾರ್ಮೋನ್ ಗುಳಿಗಿ ಅಪಾಯ. ಮಕ್ಳು ಸದ್ಯ ಬ್ಯಾಡ ಅನ್ನೋರೂ ಡೇಟ್ ಆಗಿಲ್ಲಲ್ಲ ಅಂತ ಧೈರ್ಯದಾಗ ಇರಬ್ಯಾಡ್ರಿ, ಅಂಡ ಯಾವ ತಿಂಗಳ ಬಿಡುಗಡೆ ಆಗ್ತೈತಿ ಹೇಳಾಕ ಬರಂಗಿಲ್ಲ, ಅದಕ್ಕೂ ಡಾಕ್ಟರ್ ಹತ್ರ ಬಾಯಿಬಿಟ್ಟು ಕೇಳ್ರಿ.