ಹಲಗೆಯ ತೂತಿನಲ್ಲಿ ಜೋಳ

ಪುಣೆಗೆ ಬಂದು ಹದಿನೆಂಟು ವರ್ಷವಾದ ಮೇಲೆ ಕೋಥರೂಡಿನಲ್ಲಿ ಅಂಗಳವಿರುವ ಬಾಡಿಗೆ ಮನೆ ಸಿಕ್ಕಿತು. 32 ಅಡಿ ಉದ್ದ, 18 ಅಡಿ ಅಗಲ. ಹುಲ್ಲು ಅಂದರೆ ಗರಿಕೆಯೇ ಜಾಸ್ತಿ, ಮೂಲೆಯಲ್ಲೊಂದು ಪೇರಲ ಗಿಡ. ಸಂಜೆ ನಾವು ನಾಲ್ವರೂ ಅಲ್ಲಿ ಕುರ್ಚಿ ಹಾಕಿಕೊಂಡು ನಾಲ್ಕು ಮೊಬೈಲ್ ನೋಡುತ್ತಿದ್ದೆವು. ಏನಾದರೂ ಆಡೋಣ ಅಂದವಳು ನಾನೇ.

ನಮ್ಮವರು ಬ್ಯಾಡ್ಮಿಂಟನ್ ಅಂದರು. ಬ್ರಿಟಿಷ್ ಸೇನಾಧಿಕಾರಿಗಳು ಪುಣೆಯಲ್ಲಿ ಆಡುತ್ತಿದ್ದ ಆಟ, ಮೊದಲು ಇದರ ಹೆಸರೇ ‘ಪೂನಾ’ ಅಂತ ಭಾಷಣವೂ ಆಯಿತು. ಟೇಪ್ ಹಿಡಿದರೆ ಕೋರ್ಟಿಗೆ 44 ಅಡಿ ಉದ್ದ, 20 ಅಡಿ ಅಗಲ ಬೇಕು. ಇರಲಿ, ಸುಮ್ನೆ ಆಡೋಣ ಅಂತ ಎರಡು ಸಂಜೆ ಆಡಿದೆವು. ಶಟಲ್ ತೂಗುವುದೇ ಐದು ಗ್ರಾಂ, ಮೇ ತಿಂಗಳ ಗಾಳಿಗೆ ಎಲ್ಲಿ ನಿಲ್ಲುತ್ತದೆ? ನಾನು ಹೊಡೆದದ್ದು ಪೇರಲ ಗಿಡಕ್ಕೆ, ಅವರು ಹೊಡೆದದ್ದು ಪಕ್ಕದ ಮನೆ ಬಾಲ್ಕನಿಗೆ. ಅತ್ತೆ, ಮಾವ ಕೂತು ನೋಡಿದರು, ಅಷ್ಟೇ.

ಹೀಗಾಗಬಾರದಲ್ವಾ? ಮಾವನಿಗೆ 74, ಮಂಡಿ ಆಪರೇಷನ್ ಆಗಿದೆ. ಅತ್ತೆಗೆ ಕೈ ಭುಜದ ಮೇಲೆ ಏಳುವುದಿಲ್ಲ. ಮಾವ “ಲಗೋರಿ ಆಡೂಣು” ಅಂದವರು, “ಓಡಾಂವ ಯಾರು?” ಅಂತ ತಾವೇ ನಕ್ಕರು. ಕೋಲಿನಿಂದ ಚೆಂಡು ಹೊಡೆದು ತಂತಿಯ ಕಮಾನಿನೊಳಗೆ ತೂರಿಸುವ ಕ್ರೋಕೇ ನನ್ನ ಆಸೆ. ಪರೀಕ್ಷೆಗೆ ಒಂದು ಚೆಂಡು ಉರುಳಿಸಿದೆ. ಮೂರನೇ ಅಡಿಗೆ ಗರಿಕೆಯ ಗಡ್ಡೆಗೆ ತಗುಲಿ ನಿಂತಿತು. ಫಿನ್ಲೆಂಡಿನ ಮೋಲ್ಕಿ ಎಲ್ಲರಿಗೂ ಹಿಡಿಸಿತು. 12 ಮರದ ಗೂಟಗಳಿಗೆ ಕೋಲು ಎಸೆದು ಬೀಳಿಸಿ ಸರಿಯಾಗಿ 50 ಅಂಕ ಮಾಡಬೇಕು, ದಾಟಿದರೆ ವಾಪಸ್ 25ಕ್ಕೆ. ಆದರೆ ಪ್ರತಿ ಸಲ ಬಗ್ಗಿ ಗೂಟ ನಿಲ್ಲಿಸಬೇಕು. ಅತ್ತೆ ನನ್ನ ಮುಖ ನೋಡಿದರು. ಅಲ್ಲಿಗೆ ಅದೂ ಮುಗಿಯಿತು.

ಕಡೆಗೆ ಒಪ್ಪಿದ್ದು ಅಮೆರಿಕದ ಕಾರ್ನ್‌ಹೋಲ್. ನಾಲ್ಕು ಅಡಿ ಉದ್ದ, ಎರಡು ಅಡಿ ಅಗಲದ ಎರಡು ಇಳಿಜಾರು ಹಲಗೆ, ಮೇಲ್ತುದಿಯಲ್ಲಿ ಆರು ಇಂಚಿನ ತೂತು. ಎದುರಿನ ಹಲಗೆಗೆ ಕಾಳು ತುಂಬಿದ ಪುಟ್ಟ ಚೀಲ ಎಸೆಯುವುದು. ಹಲಗೆಯ ಮೇಲೆ ನಿಂತರೆ 1, ತೂತಿಗೆ ಬಿದ್ದರೆ 3. ಇಬ್ಬರ ಅಂಕದಲ್ಲಿ ವ್ಯತ್ಯಾಸ ಎಷ್ಟೋ ಅಷ್ಟೇ ಲೆಕ್ಕಕ್ಕೆ, 21 ಆದವರು ಗೆದ್ದಂತೆ. ಕೈ ಕೆಳಗಿನಿಂದಲೇ ಬೀಸಿ ಎಸೆಯಬಹುದು. ಜೋಡಿಯಲ್ಲಿ ಒಬ್ಬರು ಈ ತುದಿ, ಒಬ್ಬರು ಆ ತುದಿ ನಿಲ್ಲುವುದರಿಂದ ಓಡಾಟವೂ ಇಲ್ಲ. ನಡುವೆ 27 ಅಡಿ ಇರಬೇಕಂತೆ. ನಾವು 20ಕ್ಕೆ ಇಳಿಸಿದೆವು.

ಭವಾನಿ ಪೇಠೆಯ ಟಿಂಬರ್ ಮಾರ್ಕೆಟ್ಟಿನಿಂದ ಪ್ಲೈವುಡ್ ತಂದೆವು, ಬಡಗಿ ಅರ್ಧ ದಿನದಲ್ಲಿ ಮಾಡಿಕೊಟ್ಟ. ಚೀಲ ಅತ್ತೆ ಹೊಲಿದರು. ಹಳೇ ಜೀನ್ಸಿನಿಂದ ನಾಲ್ಕು ನೀಲಿ, ಹಳೇ ಪ್ಯಾಂಟಿನಿಂದ ನಾಲ್ಕು ಖಾಕಿ. ಅಮೆರಿಕದವರು ಇದಕ್ಕೆ ಮೆಕ್ಕೆಜೋಳ ತುಂಬುತ್ತಿದ್ದರಂತೆ. ಮನೆಯಲ್ಲಿ ಇದ್ದದ್ದು ಬಿಳಿಜೋಳ. ಚೀಲಕ್ಕೆ 450 ಗ್ರಾಂ, ಅಡುಗೆಮನೆಯ ತಕ್ಕಡಿಯಲ್ಲಿ ತೂಗಿಯೇ ತುಂಬಿದರು. “ರೊಟ್ಟಿ ಜ್ವಾಳ ಒಗದಾಡ್ತೀರಿ” ಅಂತ ಗೊಣಗಿದ್ದೂ ಅವರೇ. ಪ್ರತಿ ಚೀಲದ ಮೂಲೆಗೆ ಒಂದು ಲಾಡಿಯ ಕುಣಿಕೆ ಹಾಕಿದರು. ಮಾವ ಕೈಕೋಲು ತಲೆಕೆಳಗು ಮಾಡಿ, ಹಿಡಿಕೆಯ ಕೊಕ್ಕೆಯನ್ನು ಕುಣಿಕೆಗೆ ಸಿಕ್ಕಿಸಿ ಚೀಲ ಎತ್ತುತ್ತಾರೆ. ಬಗ್ಗುವ ಮಾತೇ ಇಲ್ಲ. ಇಂಥದ್ದು ಯಾವ ಅಂಗಡಿಯಲ್ಲಿ ಸಿಗುತ್ತದೆ ಹೇಳಿ?

ಎರಡೇ ವಾರಕ್ಕೆ ಮಾವ ಎಲ್ಲರನ್ನೂ ಸೋಲಿಸತೊಡಗಿದರು. ಜೂನ್ ಮೊದಲ ವಾರ ಧಾರವಾಡಕ್ಕೆ ಹೊರಡುವ ಗಡಿಬಿಡಿಯಲ್ಲಿ ಕೊನೆಯ ಆಟ ಅರ್ಧಕ್ಕೇ ನಿಂತಿತು. ಹಲಗೆ ಒಳಗಿಡುವುದು ನನ್ನ ಕೆಲಸ. ಮರೆತೆ. ಹತ್ತು ದಿನ ಬಿಟ್ಟು ಬಂದಾಗ ಪುಣೆಯಲ್ಲಿ ಮಳೆ ಹಿಡಿದಿತ್ತು. ಪ್ಲೈವುಡ್ ಅಂಚು ಪುಸ್ತಕದ ಹಾಳೆಯ ಹಾಗೆ ಬಿಚ್ಚಿಕೊಂಡಿತ್ತು. ಎಣಿಸಿದರೆ ಚೀಲ ಏಳೇ. ತೂತಿನಲ್ಲಿ ಇಣುಕಿದೆ. ಕೆಳಗೆ ಎಂಟನೆಯದು ಉಬ್ಬಿ ಕೂತಿತ್ತು. ಹೊಲಿಗೆಯ ಉದ್ದಕ್ಕೂ ಜೋಳದ ಮೊಳಕೆ, ಬಿಳಿಚಿಕೊಂಡ ಎಳೆ ಎಲೆಗಳೆಲ್ಲ ತೂತಿನ ಬೆಳಕಿನ ಕಡೆಗೇ ವಾಲಿದ್ದವು.

ಅತ್ತೆ ಬೈಯಲು ಬಾಯಿ ತೆರೆಯುವಷ್ಟರಲ್ಲಿ ಮಾವ ಕೋಲೂರಿಕೊಂಡು ಬಂದು ಇಣುಕಿದರು.

“ನೀಲಿ ಐತಿ. ಅಂದ್ರ ನಂದು. ಮೂರು ಪಾಯಿಂಟ್ ಬರಕೋವಾ.”